ಬೇಲಿ ಜಗಳದಲ್ಲಿ ನನ್ನನ್ನ ಸಾಕ್ಷಿಗೆ ಕರೀತಿದ್ದಾರೆ, ಯಾರ ಕಡೆಗೂ ಹೋಗದೆ ಇರಬಹುದಾ?

ಆಲೂರು ಗದ್ದೆಬಯಲು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ವಿಷಯ ತಲೇಲಿ ಕೊರೀತಾ ಇದೆ, ಊರಲ್ಲಿ ಯಾರ ಹತ್ರ ಬಾಯಿಬಿಟ್ರೂ ಸಂಜೆ ಒಳಗೆ ಇಬ್ಬರ ಕಿವಿಗೂ ಬೀಳುತ್ತೆ ಅದಕ್ಕೆ ಇಲ್ಲಿ ಬರೀತಿದೀನಿ.

ನಮ್ದು ಆಲೂರು ತಾಲ್ಲೂಕು, ಒಂದೂವರೆ ಎಕರೆ ಗದ್ದೆ, ಮೇಲೆ ಎರಡು ಎಕರೆ ರೊಬಸ್ಟಾ ಕಾಫಿ. ತೋಟದ ತೆಂಕಣ ಮೂಲೇಲಿ ಮೂರು ಜಮೀನು ಕೂಡುತ್ತೆ. ಒಂದು ನಮ್ದು, ಒಂದು ದೊಡ್ಡಪ್ಪನ ಮಗ ಅಣ್ಣಂದು, ಇನ್ನೊಂದು ಒಂದನೇ ಕ್ಲಾಸಿಂದ ನನ್ನ ಜೊತೆ ಓದಿದ ಗೆಳೆಯಂದು. ಅವರಿಬ್ಬರ ಮಧ್ಯೆ ತಾತನ ಕಾಲದ ಅಗಳ (ಗಡಿ ಕಂದಕ) ಇತ್ತು, ದಂಡೆ ಮೇಲೆ ಹಾಲುವಾಣ ಮರದ ಬೇಲಿ. ಯುಗಾದಿ ಆದ ವಾರಕ್ಕೆ ಅಣ್ಣ ಜೆಸಿಬಿ ತರಿಸಿ ಅಗಳ ಮುಚ್ಚಿಸಿದ್ರು, ಹಾಲುವಾಣ ಎಲ್ಲ ಕಡಿಸಿ ಕಲ್ಲುಕಂಬ ನಿಲ್ಲಿಸಿ ಮುಳ್ಳುತಂತಿ ಎಳೆಸಿದ್ರು. ಕಂಬ ನಿಂತಿರೋದು ಹಳೇ ಬೇಲಿಯಿಂದ ಗೆಳೆಯನ ಕಡೆಗೆ, ನನ್ನ ಕಣ್ಣಳತೆಗೆ ಆರು ಅಡಿ ಆಚೆ. ಅಣ್ಣ ಒಂದಡಿನೂ ಹೋಗಿಲ್ಲ ಅಂತಾರೆ, ಗೆಳೆಯ ಎಂಟು ಅಡಿ ಅಂತಾನೆ. ಉದ್ದ ಸುಮಾರು 330 ಅಡಿ ಬರುತ್ತೆ.

ಗೆಳೆಯ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳೆದು ಗುರುತು ಮಾಡ್ಸೋದಕ್ಕೆ ಅರ್ಜಿ ಹಾಕಿದಾನೆ. ಮುಂದಿನ ಗುರುವಾರ ಸರ್ವೆಯವರು ಬರ್ತಾರೆ, ಬಾಜುದಾರ (ಪಕ್ಕದ ಜಮೀನಿನವ) ಅಂತ ನಂಗೂ ನೋಟಿಸ್ ಬಂದಿದೆ. ಇಬ್ಬರೂ ಮನೆಗೆ ಬಂದು ಹೋದ್ರು. "ನೀನು ಬಂದು ನಿಂತ್ಕೊಂಡು ನಿಜ ಹೇಳಪ್ಪ ಸಾಕು" ಅಂತ ಅವನು. "ನೀನು ಅವತ್ತು ಹಾಸನಕ್ಕೆ ಹೋಗಿರು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತ ಅಣ್ಣ. ಇಬ್ಬರಿಗೂ ನಾನು ಹೇಳಿದ್ದು ಒಂದೇ, ನಂಗೆ ಸರಿಯಾಗಿ ನೆನಪಿಲ್ಲ ಅಂತ.

ಆದ್ರೆ ನೆನಪಿದೆ. ಆ ಮೂಲೇಲಿ ಒಂದು ಬಾಂದು ಕಲ್ಲಿತ್ತು (ಸರ್ವೆಯವರು ನೆಟ್ಟ ಗಡಿ ಕಲ್ಲು), ದೊಡ್ಡ ಹಾಲುವಾಣದ ಬುಡದಲ್ಲಿ, ತಲೆ ಮೇಲೆ ಉಳಿಯಲ್ಲಿ ಕೊರೆದ ಕೂಡು ಗುರುತು. ಸ್ಕೂಲು ಬಿಟ್ಟು ಬರುವಾಗ ಅದೇ ಕಲ್ಲಿನ ಮೇಲೆ ನೆಲ್ಲಿಕಾಯಿ ಜಜ್ಜಿ, ಆ ಗುರುತಿನ ಸಂದಿಗೆ ಉಪ್ಪು ಹಾಕ್ಕೊಂಡು ನೆಂಚಿಕೊಂಡು ತಿಂತಿದ್ವಿ. ಮೂರೂ ಜನ. ಅಣ್ಣನೂ ಇದ್ರು.

ಅಪ್ಪನ ಆಪರೇಷನ್ನಿಗೆ ದುಡ್ಡು ಕೊಟ್ಟು ಹದಿನೈದು ದಿನ ಆಸ್ಪತ್ರೇಲಿ ರಾತ್ರಿ ಕೂತಿದ್ದು ಇದೇ ಅಣ್ಣ. ನಮ್ಮ ಗದ್ದೆಗೆ ನೀರು ಬರೋದು ಅವರ ಜಮೀನಿನ ಕಾಲುವೆಯಿಂದ. ಯಾರ ಪರನೂ ಇಲ್ಲದೆ ತಟಸ್ಥವಾಗಿ ಇದ್ದುಬಿಟ್ರೆ ತಪ್ಪಾ? ಇಂಥದ್ದು ಅನುಭವಿಸಿದವರು ಹೇಳಿ.

ಸಕಲೇಶಪುರ ಘಾಟಿ

ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ. ಅವತ್ತು ಊರಲ್ಲೇ ಇರಬೇಡಿ. ಅಷ್ಟೇ.

ಕಡೂರು ತೆಂಗು

ಘಾಟಿ ಅಣ್ಣ ಹೇಳಿದ್ದೇ ಸರಿ. ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರಡಿ. ಆರು ಅಡಿ ಅಗಲ 330 ಅಡಿ ಉದ್ದ ಅಂದ್ರೆ 1980 ಚದರಡಿ, ಎರಡು ಗುಂಟೆಗೂ ಸ್ವಲ್ಪ ಕಮ್ಮಿ. ಎಕರೆಗೆ 40 ಗುಂಟೆ. ಎರಡು ಗುಂಟೆಗೋಸ್ಕರ ರಕ್ತ ಸಂಬಂಧ ಕಳ್ಕೊಂಡು ನೀರಿಗೂ ಕಲ್ಲು ಹಾಕ್ಕೋತೀರಾ? ನಮ್ಮ ಬಯಲುಸೀಮೇಲಿ ನೀರು ಅಂದ್ರೆ ಏನು ಅಂತ ಗೊತ್ತಿರೋದಕ್ಕೆ ಹೇಳ್ತಿದೀನಿ.

ಮೂಡಿಗೆರೆ ಮಳೆ

ತೆಂಗಿನವರೇ, ಎರಡು ಗುಂಟೆ ನಿಮ್ಮದಾಗಿದ್ರೆ ಹಿಂಗೇ ಹೇಳ್ತಿದ್ರಾ? ಕಳ್ಕೊಂಡೋನಿಗೆ ಅದು ಎರಡು ಗುಂಟೆ ಅಲ್ಲ, ಹತ್ತಿಪ್ಪತ್ತು ಗಿಡ ಕಾಫಿ ಮತ್ತೆ ಅದಕ್ಕೆ ಹಬ್ಬಿರೋ ಮೆಣಸು.

ಮೊದಲ್ನೇ ಪೋಸ್ಟ್ ಹಾಕಿದವರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ತಟಸ್ಥ ಅಲ್ಲ. ನೆನಪಿದ್ದೂ ನೆನಪಿಲ್ಲ ಅಂದ್ರೆ ಅದು ಸುಳ್ಳು, ಆ ಸುಳ್ಳು ಯಾರಿಗೆ ಅನುಕೂಲ ಮಾಡ್ತಿದೆ ನೋಡಿ. ಕಂಬ ಈಗ ಎಲ್ಲಿ ನಿಂತಿದ್ಯೋ ಅಲ್ಲೇ ನಿಲ್ಲುತ್ತೆ. ನೀವು ಅಡ್ಡಗೋಡೆ ಮೇಲೆ ದೀಪ ಇಟ್ಟಿದೀನಿ ಅಂದ್ಕೊಂಡಿದೀರ, ಬೆಳಕು ಪೂರ್ತಿ ಅಣ್ಣನ ಮನೆಗೇ ಬೀಳ್ತಿದೆ.

ಸಕಲೇಶಪುರ ಘಾಟಿ

ಮಳೆ ಅವರೇ ಬರೆಯೋದು ಸುಲಭ. ನಾನು ಒಂದು ಸಲ ಇಂಥದ್ದೇ ಮಹಜರಿಗೆ (ಸ್ಥಳದಲ್ಲಿ ಕಂಡಿದ್ದನ್ನ ಬರೆಯೋ ಕಾಗದ) ಸೈನ್ ಹಾಕಿ ಆರು ವರ್ಷ ಕೋರ್ಟಿಗೆ ಅಲೆದಿದೀನಿ. ವಾಯಿದೆ ದಿನ ಕೂಲಿ ಆಳು ಬಿಟ್ಟು, ಮೆಣಸು ಕೊಯ್ಯೋ ಟೈಮಲ್ಲಿ ತೋಟ ಬಿಟ್ಟು ಹೋಗಿ ಬೆಂಚ್ ಮೇಲೆ ಕೂತ್ಕೊಂಡು ಮುಂದಿನ ಡೇಟ್ ತಗೊಂಡು ಬರೋದು. ಕೊನೆಗೆ ಜಗಳ ಆಡಿದವರಿಬ್ರೂ ರಾಜಿ ಆಗಿ ಒಟ್ಟಿಗೆ ಮದುವೆ ಊಟಕ್ಕೆ ಕೂತ್ರು, ಇಬ್ರಿಗೂ ಬೇಡವಾದೋನು ನಾನು.

ಅಳತೆ ಸರಪಳಿ

ನಾನು ಭೂಮಾಪನದಲ್ಲೇ ಇದ್ದು ರಿಟೈರ್ ಆದೋನು, ಸ್ವಲ್ಪ ವಿವರ ಹೇಳ್ತೀನಿ, ಗಾಬರಿ ಆಗೋದು ಏನೂ ಇಲ್ಲ.

ಹದ್ದುಬಸ್ತು ಅಂದ್ರೆ ನಿಮ್ಮ ಬಾಯಿಮಾತಿನ ಮೇಲೆ ಗಡಿ ಹಾಕೋದಲ್ಲ. ಸರ್ವೆ ನಂಬರಿಗೆ ಮೂಲ ಟಿಪ್ಪಣಿ (ಮೊದಲ ಅಳತೆ ಬರೆದಿಟ್ಟಿದ್ದು) ಇರುತ್ತೆ, ಆಕಾರ್‌ಬಂದ್ ಅನ್ನೋ ದಾಖಲೇಲಿ ವಿಸ್ತೀರ್ಣ ಇರುತ್ತೆ, ಪೋಡಿ (ಸರ್ವೆ ನಂಬರ್ ಭಾಗ ಮಾಡೋದು) ಆಗಿದ್ರೆ ಅದರ ನಕ್ಷೆ ಇರುತ್ತೆ. ಸರ್ವೆಯರ್ ಅದನ್ನ ಹಿಡ್ಕೊಂಡು ಬಂದು ಜಾಗದಲ್ಲಿ ಸಿಗೋ ಖಾಯಂ ಗುರುತಿಂದ ಅಳತೆ ಶುರು ಮಾಡ್ತಾರೆ. ಹಳೇ ಬಾಂದು ಕಲ್ಲು ಒಂದು ಸಿಕ್ಕಿಬಿಟ್ರೆ ಅರ್ಧ ಕೆಲಸ ಮುಗೀತು. ಸಿಗದೆ ಹೋದ್ರೆ ದೂರದ ಇನ್ನೊಂದು ಕಲ್ಲಿಂದ ಎಳ್ಕೊಂಡು ಬರಬೇಕು, ಮಲೆನಾಡಿನ ಏರುತಗ್ಗು, ಮರ, ಹಳ್ಳ ದಾಟಿ ಬರುವಾಗ ವ್ಯತ್ಯಾಸ ಬರುತ್ತೆ, ಈಗ ಉಪಗ್ರಹದ ಸಿಗ್ನಲ್ ಹಿಡಿದು ಅಳೆಯೋ ರೋವರ್ ಮೆಷಿನ್ ಬಂದಿದೆ ನಿಜ ಆದ್ರೆ ದಟ್ಟ ಮರದ ಅಡಿ ಅದಕ್ಕೂ ಸಿಗ್ನಲ್ ಕಷ್ಟ. ಆಗ ಬಾಜುದಾರ ತೋರಿಸೋ ಜಾಗಕ್ಕೆ ಬೆಲೆ ಬರೋದು. ನೀವು "ಇಲ್ಲಿ ಅಗೀರಿ" ಅಂದ್ರೆ ಸಾಕು, ಕಲ್ಲು ಸಿಕ್ರೆ ಕಲ್ಲೇ ಸಾಕ್ಷಿ, ನಿಮ್ಮ ಮಾತು ಅಲ್ಲ.

ಮಹಜರಿನ ಸಹಿ ಬಗ್ಗೆ: ಹಾಜರಿದ್ದೆ, ಇಂಥದ್ದು ನೋಡ್ದೆ ಅಂತ ಸಹಿ. ಯಾರು ಗೆದ್ದರು ಅಂತ ಅಲ್ಲ. ಬರೆದಿರೋದನ್ನ ಓದಿಸಿಕೊಂಡು ಹಾಕಿ, ಖಾಲಿ ಹಾಳೆಗೆ ಮಾತ್ರ ಹಾಕ್ಬೇಡಿ. ಅಳತೆ ಒಪ್ಪದವರಿಗೆ ಭೂದಾಖಲೆ ಸಹಾಯಕ ನಿರ್ದೇಶಕರು (ಎಡಿಎಲ್‌ಆರ್), ಉಪನಿರ್ದೇಶಕರು (ಡಿಡಿಎಲ್‌ಆರ್) ಅಂತ ಮೇಲ್ಮನವಿ ದಾರಿ ಇದೆ.

ಇನ್ನೊಂದು. ಸರ್ಕಾರ ನೆಟ್ಟ ಬಾಂದು ಕಲ್ಲು ಕೀಳೋದು, ಸರಿಸೋದು ಅಪರಾಧ. ಮತ್ತೆ ಈಗ ಸುಮ್ನೆ ಬಿಟ್ಟು 12 ವರ್ಷ ಕಳೆದ್ರೆ "ಜಾಗ ನಮ್ಮ ಅನುಭವದಲ್ಲಿದೆ, ನಮ್ದೇ" ಅಂತ ಕೋರ್ಟಲ್ಲಿ ವಾದ ಎಬ್ಬಿಸ್ತಾರೆ. ನಾಳೆ ನಾಡಿದ್ದು ನೋಡೋಣ ಅನ್ನೋ ಕೇಸಲ್ಲ ಇದು.

ಆಲೂರು ಗದ್ದೆಬಯಲು

ಸರಪಳಿ ಸರ್ ತುಂಬ ಥ್ಯಾಂಕ್ಸ್. ಕಲ್ಲು ಕಿತ್ತಿಲ್ಲ ಅನ್ಸುತ್ತೆ, ಜೆಸಿಬಿಯವನು ಅಗಳ ಮುಚ್ಚುವಾಗ ಮಣ್ಣು ಬಿದ್ದು ಹೂತುಹೋಗಿದೆ. ಮರದ ಬೊಡ್ಡೆ ಇದೆ.

ಬಾಳೆಹೊನ್ನೂರು ಅಕ್ಕ

ನಿಮ್ಮ ಪೋಸ್ಟ್ ಓದಿ ನಂಗೆ ನಮ್ಮ ಮನೇದೇ ನೆನಪಾಯ್ತು ತಮ್ಮ. ನಮ್ಮ ಯಜಮಾನ್ರು ಮತ್ತೆ ಅವರ ತಮ್ಮ ಪಾಲಾಗುವಾಗ ಅಡುಗೆಮನೆ ಹಿಂದಿನ ಬಚ್ಚಲು ಯಾರಿಗೆ ಅಂತ ಮಾತು ಬಂತು. ಅತ್ತೆ ಒಂದು ಸಲ ನನ್ನ ವಾರಗಿತ್ತಿಗೆ ಬಾಯಲ್ಲಿ ಕೊಟ್ಟಿದ್ರು, ಬಚ್ಚಲು ನಿಂಗೇ ಕಣೇ ಮಗು ಚಿಕ್ಕದಿದೆ ಅಂತ. ಆವಾಗ ಅಲ್ಲಿದ್ದೋಳು ನಾನೊಬ್ಳೇ, ಒಲೆ ಮುಂದೆ ಕಡುಬಿನ ಹಿಟ್ಟು ತೊಳಸ್ತಾ ಇದ್ದೆ. ಪಾಲಿನ ದಿನ ಅತ್ತೆ ತೀರಿಕೊಂಡು ವರ್ಷ ಆಗಿತ್ತು. ಅವಳು ನನ್ನ ಮುಖ ನೋಡಿದ್ಲು. ನಾನು ಹೆಂಗಸ್ರು ಯಾಕೆ ಮಧ್ಯೆ ಮಾತಾಡೋದು ಅಂತ ಕಾಫಿ ಲೋಟ ತಗೊಂಡು ಒಳಗೆ ಹೋದೆ.

ಬಚ್ಚಲು ನಮಗೆ ಬಂತು. ಇವತ್ತಿಗೂ ಆ ಹಂಡೆ ಒಲೆಗೆ ಬೆಂಕಿ ಹಾಕುವಾಗ ಅವಳು ಮುಖ ನೋಡಿದ್ದು ಕಣ್ಣೆದುರಿಗೆ ಬರುತ್ತೆ. ನಾನು ಯಾರ ಪರನೂ ಮಾತಾಡ್ಲಿಲ್ಲ ಅಂತ ಊರವರೆಲ್ಲ ಹೊಗಳಿದ್ರು, ಎಂಥ ಒಳ್ಳೆ ಸೊಸೆ ಅಂತ. ಅವಳು ಮಾತ್ರ ಹೊಗಳಲಿಲ್ಲ.

ಹಾಸನ ಗಮಕ

ಅಕ್ಕ ಮನಸ್ಸಿಗೆ ನಾಟ್ತು. ನಮ್ಮ ಮಹಾಭಾರತದ ಕಥೇಲೂ ಇದೇ ಪ್ರಶ್ನೆ ಕಣ್ರೀ. ಅಷ್ಟು ದೊಡ್ಡ ಯುದ್ಧದಲ್ಲಿ ಯಾರ ಕಡೆನೂ ಸೇರದೆ ಉಳಿದ ಅರಸುಗಳು ಅಂದ್ರೆ ಬಲರಾಮ ಮತ್ತೆ ರುಕ್ಮಿ. ರುಕ್ಮಿ ಎರಡೂ ಕಡೆಗೆ ಹೋಗಿ ಜಂಬ ಕೊಚ್ಚಿದ, ಎರಡೂ ಕಡೆಯವರು ಬೇಡ ಅಂದ್ರು. ಬಲರಾಮಂಗೆ ಭೀಮನೂ ಶಿಷ್ಯ ದುರ್ಯೋಧನನೂ ಶಿಷ್ಯ, ನೋಡೋಕೆ ಆಗಲ್ಲ ಅಂತ ತೀರ್ಥಯಾತ್ರೆಗೆ ಹೋದ. ವಿದುರ ಬಿಲ್ಲು ಮುರಿದಿಟ್ಟು ಕೂತ. ಹಂಗಾಗಿ ತಟಸ್ಥ ಇರೋದು ಹೇಡಿತನ ಅಂತ ಒಂದೇ ಮಾತಲ್ಲಿ ತಳ್ಳಿ ಹಾಕೋಕೆ ಆಗಲ್ಲ.

ಮೂಡಿಗೆರೆ ಮಳೆ

ಗಮಕ ಸರ್, ವಿದುರ ಬಿಲ್ಲು ಮುರಿದಿದ್ದು ನಿಜ, ಆದ್ರೆ ಬಾಯಿ ಮುಚ್ಚಿದ್ನಾ? ಅರಗಿನ ಮನೆ ವಿಷ್ಯ ಪಾಂಡವರಿಗೆ ಮುಂಚೆನೇ ಸುಳಿವು ಕೊಟ್ಟೋನು ಅವನು. ದ್ಯೂತದ ಸಭೇಲಿ ತಪ್ಪು ಅಂತ ಎದ್ದು ಹೇಳ್ದೋನು ಅವನು. ಕೈಯೆತ್ತಲಿಲ್ಲ ಅಷ್ಟೇ, ಕಂಡಿದ್ದನ್ನ ಮುಚ್ಚಿಡಲಿಲ್ಲ. ಬಲರಾಮನೂ ಕೊನೇ ದಿನ ಗದಾಯುದ್ಧಕ್ಕೆ ಬಂದು ತೊಡೆಗೆ ಹೊಡೆದಿದ್ದು ನೋಡಿ ನೇಗಿಲು ಎತ್ತಿದ. ಯಾತ್ರೆಗೆ ಹೋಗಿದ್ರೂ ಕಣ್ಣೆದುರು ನಡೆದಾಗ ಸುಮ್ನಿರಕ್ಕೆ ಆಗ್ಲಿಲ್ಲ ಅವನಿಗೆ.

ಹಾಸನ ಗಮಕ

ಅದು ಒಪ್ಪಿದೆ. ವಿಕರ್ಣನ್ನೂ ಸೇರಿಸ್ಕೊಳಿ. ದ್ರೌಪದಿ ಪರ ಸಭೇಲಿ ಮಾತಾಡಿದ ಕೌರವ ಅವನು, ಆಮೇಲೆ ಯುದ್ಧ ಬಂದಾಗ ಅಣ್ಣನ ಕಡೆಗೇ ನಿಂತು ಸತ್ತ. ನಿಜ ಹೇಳಿದ ಮಾತ್ರಕ್ಕೆ ಅಣ್ಣನ್ನ ಬಿಡಬೇಕಾಗಿಲ್ಲ ಅನ್ನೋದಕ್ಕೆ ಅವನೇ ಉದಾಹರಣೆ. ಆಲೂರಿನವರು ವಿಕರ್ಣನ ಬಗ್ಗೆ ಯೋಚನೆ ಮಾಡಿ.

ಬೀರೂರು ಬಸ್ಟ್ಯಾಂಡ್

ವಿಕರ್ಣ ಸತ್ತ ಅಂತ ನೀವೇ ಹೇಳ್ತಿದೀರ ಸ್ವಾಮಿ, ಅದನ್ನ ಹೇಳಿ ಧೈರ್ಯ ತುಂಬೋದಾ 🙏

ಚಿಕ್ಕಮಗಳೂರು ಹಿರೇಮಗ

ತಟಸ್ಥ ಇರೋದರ ಪರವಾಗಿ ಒಂದು ಮಾತು. ನಮ್ಮ ತಾತ ಊರಲ್ಲಿ ಪಂಚಾಯ್ತಿ ಹೇಳ್ತಿದ್ರು. 1978ರ ನವೆಂಬರಿನ ಉಪಚುನಾವಣೆ ಗೊತ್ತಲ್ಲ, ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟು ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದು ನಿಂತಿದ್ದು, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ದೇಶಕ್ಕೆ ದೇಶವೇ ಇತ್ತ ಕಡೆ ನೋಡ್ತಿತ್ತು. ಊರಲ್ಲಿ ಮನೆ ಮನೆ ಒಡೆದು ಹೋಯ್ತಂತೆ, ಅಣ್ಣ ಒಂದು ಕಡೆ ತಮ್ಮ ಒಂದು ಕಡೆ, ಒಬ್ಬರ ಕಣಕ್ಕೆ ಇನ್ನೊಬ್ಬರು ಕಾಲಿಡ್ತಿರ್ಲಿಲ್ಲ. ತಾತನ ಹತ್ರ ಎರಡೂ ಕಡೆಯವರು ಬಂದ್ರು, ಇಬ್ಬರಿಗೂ ಕಾಫಿ ಕೊಟ್ರು, ಓಟು ಯಾರಿಗೆ ಅಂತ ಅಜ್ಜಿಗೂ ಹೇಳ್ಲಿಲ್ಲ. ಚುನಾವಣೆ ಮುಗೀತು, ಇಂದಿರಾ ಗೆದ್ರು, ಹೋದ್ರು. ಊರಿನ ಜಗಳ ಊರಲ್ಲೇ ಉಳೀತು. ಹಬ್ಬದ ತೇರು ಎಳೆಯೋಕೆ ಎರಡು ಪಾರ್ಟಿಯೋರೂ ಒಟ್ಟಿಗೆ ಬರಲ್ಲ ಅಂದಾಗ ಇಬ್ಬರೂ ನಂಬಿ ಕೂತಿದ್ದು ತಾತನ ಜಗಲಿ ಮೇಲೆ. ಅವತ್ತು ಒಂದು ಕಡೆ ವಾಲಿದ್ರೆ ತೇರು ನಿಲ್ತಿತ್ತು.

ಮೂಡಿಗೆರೆ ಮಳೆ

ಹಿರೇಮಗ ಅವರೇ ನಿಮ್ಮ ತಾತ ದೊಡ್ಡೋರು, ಕೈ ಮುಗೀತೀನಿ. ಆದ್ರೆ ಅವರು ಪಂಚಾಯ್ತಿ ಹೇಳೋರು. ಹೇಳೋನು ಎರಡೂ ಕಡೆಗೆ ಸಮ ಇರಲೇಬೇಕು. ಓಟು ಗುಟ್ಟಾಗಿ ಇಟ್ಕೊಳೋದು ಅವರವರ ಹಕ್ಕು. ಸಾಕ್ಷಿ ಕಥೆ ಹಂಗಲ್ಲ ಕಣ್ರೀ, ಅವನ ಹತ್ರ ಇರೋದು ಅವನ ಅಭಿಪ್ರಾಯ ಅಲ್ಲ, ಕಣ್ಣಲ್ಲಿ ಕಂಡ ಕಲ್ಲು. ಅದನ್ನ ಮುಚ್ಚಿಟ್ರೆ ನಿಮ್ಮ ತಾತನಂಥವರು ಜಗಲಿ ಮೇಲೆ ಕೂತು ಏನಂತ ನ್ಯಾಯ ಹೇಳ್ಬೇಕು?

ಚಿಕ್ಕಮಗಳೂರು ಹಿರೇಮಗ

ಹ್ಞೂಂ. ಅದು ಸರಿ. ತಾತ ಸಾಕ್ಷಿ ಹೇಳೋಕೆ ಬಂದೋರು ತಡವರಿಸಿದ್ರೆ ಬೈತಿದ್ರು, "ಓತಿಕ್ಯಾತಂಗೆ ಬೇಲಿ ಸಾಕ್ಷಿ ಆಯ್ತಲ್ಲೋ ನಿಂದು" ಅಂತ.

ಯಸಳೂರು ಕಡೆಯವ

ನಮ್ಮೂರಿನ ಬೇಲಿ ಕಥೆ ಕೇಳಿ. ನಮಗೆ ಜಗಳ ಅಕ್ಕಪಕ್ಕದವರ ಜೊತೆ ಅಲ್ಲ, ಆನೆ ಜೊತೆ. ಭತ್ತ ಹಾಲು ತುಂಬೋ ಹೊತ್ತಿಗೆ ಕರೆಕ್ಟಾಗಿ ಬರ್ತವೆ. ಎಲ್ಲ ಸೇರಿ ದುಡ್ಡು ಹಾಕಿ ಊರು ಸುತ್ತ ಸೋಲಾರ್ ತಂತಿ ಎಳೆಯೋಣ ಅಂತ ಮಾತಾಯ್ತು. ಒಬ್ರು ಮಾತ್ರ ಊರಿನ ಎರಡು ಗುಂಪಿನ ರಾಜಕೀಯದಲ್ಲಿ ನಾನಿಲ್ಲ, ಈ ಬೇಲಿಗೂ ನಾನಿಲ್ಲ ಅಂದ್ರು. ಯಾರಿಗೂ ಬೈಲಿಲ್ಲ, ಒಳ್ಳೆ ಮನುಷ್ಯ. ಅವರ ಜಮೀನು ಹಳ್ಳದ ಪಕ್ಕ, ಇನ್ನೂರು ಅಡಿ ಬಾಯಿ ಬಿಟ್ಟುಕೊಂಡು ಉಳೀತು. ಆನೆಗೆ ತಂತಿ ಎಲ್ಲಿದೆ ಎಲ್ಲಿಲ್ಲ ಅಂತ ತಿಳಿಯೋಕೆ ಎರಡು ರಾತ್ರಿ ಸಾಕಾಯ್ತು. ಅವರ ಜಮೀನಲ್ಲಿ ಕಾಫಿ ಗಿಡದ ಮಧ್ಯೆ ಸುಮ್ನೆ ನಡ್ಕೊಂಡು ಬಂದು ಪಕ್ಕದ ವಿಧವೆ ಒಬ್ಬರ ಬಾಳೆ, ಗದ್ದೆ ಪೂರ್ತಿ ತುಳಿದು ಹೋದ್ವು. ಇವರಿಗೆ ಏನೂ ನಷ್ಟ ಆಗ್ಲಿಲ್ಲ. ಬೆಳಗ್ಗೆ ಆಯಮ್ಮ ಗದ್ದೆ ಬದುವಿನ ಮೇಲೆ ನಿಂತು ಒಂದೊಂದೇ ಹೆಜ್ಜೆ ಗುಂಡಿ ನೋಡ್ತಿದ್ರು, ಪ್ರತಿ ಗುಂಡೀಲೂ ನೀರು ತುಂಬಿ ತೆನೆ ಮುಳುಗಿತ್ತು. ಆಮೇಲೆ ಅವರೇ ಬಂದು ತಂತಿಗೆ ದುಡ್ಡು ಕೊಟ್ರು, ಯಾರೂ ಕೇಳಿರ್ಲಿಲ್ಲ.

ಅರಕಲಗೂಡು ಹೊಗೆಸೊಪ್ಪು

ಸೋಲಾರ್ ತಂತಿ ನಿಜವಾಗ್ಲೂ ಆನೆ ತಡೆಯುತ್ತಾ? ನಮ್ಮಲ್ಲಿ ಒಬ್ರು ಹಾಕಿಸಿ ಆರು ತಿಂಗಳಿಗೆ ಬಿಟ್ಟುಬಿಟ್ರು.

ಯಸಳೂರು ಕಡೆಯವ

ನೋಡ್ಕೊಂಡ್ರೆ ತಡೆಯುತ್ತೆ, ಇಲ್ಲಾಂದ್ರೆ ಇಲ್ಲ. ಅದು ಬ್ಯಾಟರಿ, ಎನರ್ಜೈಸರ್ (ತಂತಿಗೆ ಶಾಕ್ ಕೊಡೋ ಪೆಟ್ಟಿಗೆ) ಮೇಲೆ ನಡೆಯೋದು, ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ಚಟ್ ಅಂತ ಹೊಡೆತ, ವೋಲ್ಟೇಜ್ ಜಾಸ್ತಿನೇ, ಆದ್ರೂ ಹೊಡೆತ ಕಣ್ಣುಮಿಟುಕೋ ಅಷ್ಟು ಹೊತ್ತೂ ಇರಲ್ಲ, ಪ್ರಾಣ ಹೋಗಲ್ಲ. ಮಳೆಗಾಲದಲ್ಲಿ ಬಳ್ಳಿ, ಲಂಟಾನ ಬೆಳೆದು ತಂತಿಗೆ ತಾಗಿದ್ರೆ ಕರೆಂಟೆಲ್ಲ ಭೂಮಿಗೆ ಇಳಿಯುತ್ತೆ, ಅದನ್ನ ಸವರ್ತಾನೇ ಇರಬೇಕು. ದಂತಕ್ಕೆ ಶಾಕ್ ಹೊಡಿಯಲ್ಲ ಅಂತ ಆನೆಗೂ ಗೊತ್ತು, ದಂತದಲ್ಲಿ ತಂತಿ ಎಳೀತವೆ, ಇಲ್ಲ ಮರ ತಂದು ಮೇಲೆ ಬೀಳಿಸ್ತವೆ. ಈಗ ಮೇಲಿಂದ ತೂಗುಬಿಡೋ ತಂತಿ ಬೇಲಿ ಬಂದಿದೆ, ರೈಲ್ವೆ ಕಂಬಿ ಬೇಲಿ ಗಟ್ಟಿನೇ, ಆದ್ರೂ ನಮ್ಮ ಕೈಗೆಟುಕೋ ಖರ್ಚಲ್ಲ. ದಯವಿಟ್ಟು ಯಾರೂ ಮನೆ ಲೈನಿಂದ ನೇರ 230 ವೋಲ್ಟ್ ಕೊಡ್ಬೇಡಿ. ಆನೆ ಸತ್ರೆ 1972ರ ವನ್ಯಜೀವಿ ಕಾಯ್ದೆ, ಮನುಷ್ಯ ಸತ್ರೆ ಕೊಲೆ ಮಾಡ್ದಂಗೆ.

ಬೇಲೂರು ಹುಡುಗ

ಆನೆ ವಿಷ್ಯ ಬಂತಲ್ಲ ಕೇಳ್ತೀನಿ, ನೀವೆಲ್ಲ ಆನೆ ಪರವೋ ರೈತರ ಪರವೋ? ಒಂದು ಹೇಳಿ.

ಯಸಳೂರು ಕಡೆಯವ

ಆ ಪ್ರಶ್ನೆನೇ ತಪ್ಪು ತಮ್ಮ. 2023ರ ಡಿಸೆಂಬರ್ 4ಕ್ಕೆ ನಮ್ಮ ಕಡೆ ಕಾಡಲ್ಲಿ ಅರ್ಜುನ ಹೋದ. ಎಂಟು ಸಲ ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯೋ ಕೆಲಸಕ್ಕೆ ಬಂದು ಕಾಡಾನೆ ಜೊತೆ ಗುದ್ದಾಡಿ ಸತ್ತ. ಭತ್ತ ಕಳ್ಕೊಂಡ ನಮ್ಮೂರವರೇ ಕಣ್ಣೀರು ಹಾಕಿದ್ರು. ಯಾರ ಪರ ಅಂತ ಬರೀಲಿ ಅದನ್ನ?

ತೋಟದ ಲೈನ್ ಮನೆ

ಬೇಲಿ ಹಾಕೋರು ಹಾಕಿಸಿಕೊಳ್ಳೋರು ಮಾತಾಡ್ತಿದೀರ. ನಾವು ಬೇಲಿ ದಾಟೋರು. ಬೆಳಗ್ಗೆ ಏಳೂವರೆಗೆ ಕೆಲಸಕ್ಕೆ ಮಂಜಲ್ಲಿ ನಡ್ಕೊಂಡು ಹೋಗೋರು ನಾವು, ಆನೆ ಮೊದಲು ಸಿಗೋದು ನಮಗೆ. ಮೊದಲು ಎರಡು ತೋಟದ ಮಧ್ಯೆ ಉಣುಗೋಲು ಇತ್ತು, ಸರಿಸಿ ದಾಟಿ ಹತ್ತು ನಿಮಿಷಕ್ಕೆ ಅಂಗಡಿ, ಸ್ಕೂಲು. ಇಬ್ಬರು ಮಾಲೀಕರಿಗೂ ಜಗಳ ಆಗಿ ಮುಳ್ಳುತಂತಿ ಬಂತು, ಈಗ ರಸ್ತೆ ಸುತ್ತಿ ಮಕ್ಕಳು ಮುಕ್ಕಾಲು ಗಂಟೆ ನಡೀತಾರೆ. ಯಾರ ಕಡೆ ನೀವು ಅಂತ ನಮ್ಮನ್ನ ಯಾರೂ ಕೇಳ್ಲಿಲ್ಲ. ಒಬ್ಬರ ಹತ್ರ ಕೂಲಿ, ಇನ್ನೊಬ್ಬರ ಜಾಗದಲ್ಲಿ ನೀರು, ನಾವು ಬಾಯಿ ಬಿಟ್ರೆ ಎರಡೂ ಹೋಗುತ್ತೆ. ಆಲೂರಿನ ಅಣ್ಣ, ನಿಮಗೆ ಮಾತಾಡೋಕೆ ಸ್ವಂತ ಜಮೀನು ಇದೆ, ಕರೆದು ಕೇಳ್ತಿದಾರೆ. ಅದೂ ಎಲ್ಲರಿಗೂ ಸಿಗಲ್ಲ.

ಮೂಡಿಗೆರೆ ಮಳೆ

ಲೈನ್ ಮನೆಯವರು ಬರೆದಿದ್ದು ನಾನು ಇಷ್ಟೊತ್ತು ಬರೆದಿದ್ದಕ್ಕಿಂತ ತೂಕದ ಮಾತು.

ಸಕಲೇಶಪುರ ಘಾಟಿ

ಒಪ್ಪಿದೆ. ಸುಮ್ಮನಿರೋದು ಕೆಲವರಿಗೆ ಬೇರೆ ದಾರಿ ಇಲ್ಲದೆ ಬರುತ್ತೆ. ಆದ್ರೂ ಆಲೂರಿನವರ ನೀರಿನ ಮಾತು ಯಾರೂ ಎತ್ತುತಿಲ್ಲ. ಅವರಣ್ಣ ಕಾಲುವೆ ಬಾಯಿ ಕಟ್ಟಿಬಿಟ್ರೆ ಗದ್ದೆ ಗತಿ ಏನು?

ಅಳತೆ ಸರಪಳಿ

ಕಾಲುವೆ ನೀರು ಎಷ್ಟು ವರ್ಷದಿಂದ ಬರ್ತಿದೆ? 20 ವರ್ಷ ಎಡಬಿಡದೆ, ಅಡ್ಡಿ ಇಲ್ಲದೆ, ಎಲ್ಲರಿಗೂ ಗೊತ್ತಿರೋ ಹಂಗೆ ಹಕ್ಕಿನಿಂದ ಬಳಸ್ತಿದ್ರೆ 1882ರ ಅನುಭೋಗದ ಹಕ್ಕಿನ ಕಾಯ್ದೆ ನಿಮ್ಮ ಕಡೆ ಇದೆ. ಒಳ್ಳೆ ವಕೀಲರ ಹತ್ರ ಕೇಳಿ ಇಟ್ಕೊಳಿ. ಆದ್ರೆ ಮೊದಲೇ ಕಾನೂನು ಎತ್ತಬೇಡಿ. ಸರ್ವೆ ದಿನಕ್ಕೆ ಮುಂಚೆ ಅಣ್ಣನ ಮನೆಗೆ ಹೋಗಿ ಎದುರಾ ಎದುರು ಹೇಳಿ, ಹಿಂಗಿದೆ ನಾನು ಹಿಂಗೆ ಹೇಳೋನು ಅಂತ. ಮೂವತ್ತು ವರ್ಷ ಸರಪಳಿ ಎಳೆದೋನು ಹೇಳ್ತಿದೀನಿ, ಜಾಗದ ಮೇಲೆ ಎಲ್ಲರೆದುರು ಮೊದಲ ಸಲ ಕೇಳಿಸಿಕೊಂಡಾಗಲೇ ಮಚ್ಚು ಎತ್ತೋದು.

ಬಾಳೆಹೊನ್ನೂರು ಅಕ್ಕ

ಹೌದು ತಮ್ಮ ಮೊದಲು ಹೋಗಿ ಹೇಳು. ಅತ್ತಿಗೆ ಇರೋವಾಗ ಹೋಗು.

ಹಳೇಬೀಡು ಕಲ್ಲುಕಂಬ

ವಿಷಯ ಬಿಟ್ಟು ಸ್ವಲ್ಪ. ಗಡಿ ಕಲ್ಲಿಗೆ ನಮ್ಮ ಜಿಲ್ಲೇಲಿ ಎಷ್ಟು ಮರ್ಯಾದೆ ಇತ್ತು ಅಂದ್ರೆ ಶಿವಾಲಯಕ್ಕೆ ಬಿಟ್ಟ ಭೂಮಿ ಗಡಿಗೆ ಲಿಂಗಮುದ್ರೆ ಕಲ್ಲು, ವಿಷ್ಣು ದೇವಸ್ಥಾನದ್ದಾದ್ರೆ ಚಕ್ರ ಇಲ್ಲ ವಾಮನ ಮುದ್ರೆ ಕಲ್ಲು ನೆಡ್ತಿದ್ರು, ಈಗಲೂ ಹೊಲದ ಬದುವಲ್ಲಿ ಸಿಗ್ತವೆ. ಊರಿನ ಗಡಿ ಜಗಳದಲ್ಲಿ ಸತ್ತವರಿಗೆ ವೀರಗಲ್ಲು ಇದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಅದರಲ್ಲೂ ದಾನ ಕೊಟ್ಟಿದ್ದನ್ನ ಕೆಡಿಸಿದೋನಿಗೆ ಮಹಾಪಾತಕ ಅಂತಲೇ ಇರೋದು. ಕನ್ನಡ ಕಲ್ಲಿನ ಮೇಲೆ ಬಂದ ಕಾಲಕ್ಕೇ ಈ ಚಿಂತೆ ಇತ್ತು ಅಂತಾಯ್ತು.

ಬೀರೂರು ಬಸ್ಟ್ಯಾಂಡ್

ಇದು ಗೊತ್ತಿರ್ಲಿಲ್ಲ. ನಮ್ಮ ತೋಟದ ಮೂಲೇಲೂ ಒಂದು ಲಿಂಗ ಕೊರೆದ ಕಲ್ಲಿದೆ, ದೇವರು ಅಂತ ಅರಿಶಿನ ಕುಂಕುಮ ಹಚ್ತಾರೆ ಅಮ್ಮ.

ಹಳೇಬೀಡು ಕಲ್ಲುಕಂಬ

ಹಚ್ಚಲಿ ಬಿಡಿ, ಅದಕ್ಕೇ ಉಳ್ಕೊಂಡಿದೆ. ಫೋಟೋ ಹಾಕಿ.

ಆಲೂರು ಗದ್ದೆಬಯಲು

ನಿನ್ನೆ ಸಂಜೆ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಇದ್ರು. ಕೂತೆ, ಬಾಯಿ ಒಣಗಿತ್ತು. "ಅಣ್ಣ, ಗುರುವಾರ ನಾನು ಊರಲ್ಲೇ ಇರ್ತೀನಿ, ಕೇಳಿದ್ರೆ ಕಲ್ಲು ಎಲ್ಲಿತ್ತು ಅಂತ ತೋರಿಸ್ತೀನಿ, ನಾವು ಮೂರೂ ಜನ ನೆಲ್ಲಿಕಾಯಿ ಜಜ್ಜಿದ ಕಲ್ಲು" ಅಂದೆ. ಅವರು ಟೀವಿ ನೋಡ್ತಾನೇ ಇದ್ರು. ಸ್ವಲ್ಪ ಹೊತ್ತಾದ್ಮೇಲೆ "ಅಪ್ಪಂಗೆ ಹುಷಾರಿಲ್ಲದಾಗ ಇದೆಲ್ಲ ನೆನಪಾಗ್ಲಿಲ್ವಾ ನಿಂಗೆ" ಅಂದ್ರು. ನಾನು ನೆನಪಿದೆ ಅಂದೆ. ಅಷ್ಟೇ. ಕಾಫಿ ಬಂತು ಕುಡಿದು ಬಂದೆ, ರಾತ್ರಿ ನಿದ್ದೆ ಬರ್ಲಿಲ್ಲ.

ಕಡೂರು ತೆಂಗು

ನೀವು ಹೋಗಿ ಹೇಳಿದ್ರಲ್ಲ, ಅದು ದೊಡ್ಡದು. ನಾನು ಮೊದಲು ಬರೆದಿದ್ದು ವಾಪಸ್ ತಗೋತೀನಿ.

ಮೂಡಿಗೆರೆ ಮಳೆ

ಗುರುವಾರ ಆದ್ಮೇಲೆ ಬರೀರಿ. ಕಾಯ್ತಿರ್ತೀವಿ.

ಆಲೂರು ಗದ್ದೆಬಯಲು

ಸರ್ವೆ ಮುಗೀತು. ಹಿಂದಿನ ರಾತ್ರಿ ಒಳ್ಳೆ ಮಳೆ ಬಂದು ಮಣ್ಣೆಲ್ಲ ಕೆಸರು. ಸರ್ವೆಯರ್ ಬೆಳಗ್ಗೆ ಹತ್ತಕ್ಕೆ ಬಂದ್ರು, ಹಳ್ಳದ ಆಚೆ ಕಲ್ಲಿಂದ ಅಳತೆ ಹಿಡ್ಕೊಂಡು ಬಂದು ಒಂದು ಕಡೆ ಗೂಟ ಹೊಡೆದು ಅಗೆಸಿದ್ರು, ಏನೂ ಸಿಗ್ಲಿಲ್ಲ. ಇನ್ನೊಂದು ಕಡೆ ಅಗೆಸಿದ್ರು, ಬೇರು ಮಾತ್ರ. ಆಮೇಲೆ ನನ್ನ ಕಡೆ ತಿರುಗಿ ಬಾಜುದಾರರು ನೀವೇ ಅಲ್ವಾ ಏನಾದ್ರೂ ಗೊತ್ತಿದ್ರೆ ಹೇಳಿ ಅಂದ್ರು. ನಾನು ಹಾಲುವಾಣದ ಬೊಡ್ಡೆ ಹತ್ರ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂತೆ, ಚಿಕ್ಕವನಿದ್ದಾಗ ಹಂಗೇ ಕೂರ್ತಿದ್ದೆ, ಬಲಗೈ ಚಾಚಿದ್ರೆ ಕಲ್ಲು ಸಿಕ್ತಿತ್ತು. ಈಗ ಕೈ ಉದ್ದ ಆಗಿದೆ ಅಂತ ಸ್ವಲ್ಪ ಈಚೆಗೆ ತೋರಿಸಿದೆ. ಗುದ್ದಲಿ ಎರಡಡಿ ಹೋದ್ಮೇಲೆ ಠಣ್ ಅಂತು. ಕೆಸರು ಒರೆಸಿ ನೀರು ಹಾಕಿದ್ರೆ ಅದೇ ಕೂಡು ಗುರುತು. ಅಣ್ಣ ಬಗ್ಗಿ ನೋಡಿದ್ರು. ಗೆಳೆಯನೂ ನೋಡಿದ. ಯಾರೂ ಮಾತಾಡ್ಲಿಲ್ಲ.

ಅಲ್ಲಿಂದ ಅಳೆದ್ರೆ ಕಂಬ ಐದು ಮುಕ್ಕಾಲು ಅಡಿ ಒಳಗೆ ಹೋಗಿದೆ. ಗೆಳೆಯನಿಗೆ ಸಮಾಧಾನ ಇಲ್ಲ, ಎಂಟು ಅಡಿ ಆಗ್ಬೇಕಿತ್ತು ನೀನು ಸರಿಯಾಗಿ ಹೇಳ್ಲಿಲ್ಲ ಅಂದ. ನಾನು ಇದ್ದಿದ್ದು ಇದ್ದಂಗೆ ತೋರಿಸಿದೀನಿ ಕಣೋ ಅಂದೆ. ಮಹಜರು ಓದಿಸಿಕೊಂಡು ಸಹಿ ಹಾಕಿದೆ.

ಅಣ್ಣ ಮಾತು ಬಿಟ್ಟಿದಾರೆ. ಇವತ್ತು ಬೆಳಗ್ಗೆ ಮೊದಲು ಹೋಗಿ ನೋಡಿದ್ದು ಕಾಲುವೆ. ನೀರು ಬರ್ತಿದೆ. ಕಂಬ ಇನ್ನೂ ಕಿತ್ತಿಲ್ಲ, ಮುಂಗಾರು ಮುಗೀಲಿ ಅಂತ ಅತ್ತಿಗೆ ಕೈಲಿ ಹೇಳಿ ಕಳಿಸಿದಾರೆ.

ಬಾಳೆಹೊನ್ನೂರು ಅಕ್ಕ

ಅತ್ತಿಗೆ ಕೈಲಿ ಹೇಳಿ ಕಳಿಸಿದ್ರಲ್ಲ, ಬಾಗಿಲು ಮುಚ್ಚಿಲ್ಲ ಅಂತ ಅರ್ಥ. ಹಬ್ಬಕ್ಕೆ ಕರೀದಿದ್ರೂ ನೀನೇ ಹೋಗು. ನಾನು ಮುಂದಿನ ಸೋಮವಾರ ವಾರಗಿತ್ತಿ ಮನೆಗೆ ಹೋಗ್ತಿದೀನಿ, ಹದಿನಾಲ್ಕು ವರ್ಷ ಆಯ್ತು. ಏನು ಹೇಳ್ಬೇಕು ಅಂತ ಇನ್ನೂ ಗೊತ್ತಿಲ್ಲ.

ಅಳತೆ ಸರಪಳಿ

ಆ ಕಲ್ಲಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದಿಟ್ಕೊಳಿ, ಬೊಡ್ಡೆ ಕಾಣೋ ಹಂಗೆ. ಅಗೆದ ಮಣ್ಣು ಕಲ್ಲಿನ ಸುತ್ತ ಗಟ್ಟಿಯಾಗಿ ತುಳಿಸಿ, ಮಳೆಗೆ ವಾಲಬಾರದು.

ಆಲೂರು ಗದ್ದೆಬಯಲು

ಆಯ್ತು ಸರ್. ಒಂದು ಕೇಳ್ಬೇಕಿತ್ತು, ಹಾಲುವಾಣ ಮತ್ತೆ ಹಾಕ್ಬೇಕು ಅಂತಿದೀನಿ, ನಮ್ಮ ಕಡೆ ದಂಡೆ ಮೇಲಾದ್ರೂ. ಕೊಂಬೆ ಈಗ ನೆಟ್ರೆ ಹತ್ಕೊಳುತ್ತಾ?

ಯಸಳೂರು ಕಡೆಯವ

ಮುಂಗಾರು ಹಿಡೀತಿದ್ದಂಗೆ ನೆಡಿ, ಇದೇ ಸರಿಯಾದ ಟೈಮು. ಹೆಬ್ಬೆಟ್ಟು ದಪ್ಪದ್ದು ಬೇಡ, ಮೊಣಕೈ ದಪ್ಪ ಇರೋ ಬಲಿತ ಕೊಂಬೆ, ಆಳೆತ್ತರ. ಕಡಿದು ನೆರಳಲ್ಲಿ ನಾಲ್ಕೈದು ದಿನ ಒರಗಿಸಿಟ್ಟು ಆಮೇಲೆ ನೆಟ್ರೆ ಕೊಳೆಯಲ್ಲ. ನಮ್ಮ ತೋಟದಲ್ಲಿ ಈ ವಾರ ಮರ ಸವರಿಸ್ತಿದೀವಿ, ನೆರಳು ಜಾಸ್ತಿ ಆಗಿದೆ ಅಂತ, ಬೇಕಾದಷ್ಟು ಕೊಂಬೆ ಬಿದ್ದಿದೆ. ಶನಿವಾರ ಆಲೂರು ಕಡೆ ಪಿಕಪ್ ಬರುತ್ತೆ, ಎಷ್ಟು ಬೇಕು ಹೇಳಿ.